ಮಲರ್ ಮಾತಾಡುತ್ತಿದ್ದೇನೆ

"ಒಂದೆರಡು ಕರೆ ಅಷ್ಟೇ ಕೋಕಿಲಾ. ಮೆಷಿನ್ ತರಾನೇ ಮಾತಾಡ್ಬಿಡು, ನಿನ್ ಕಾಲಿಗೆ ಬೀಳ್ತೀನಿ," ಎನ್ನುತ್ತಾ ಕವಿನ್ ತಾನೇ ಅವಳ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಸಾಮಾನಿನ ಕೋಣೆಗೆ ದಬ್ಬಿದ.

ಹೊರಗೆ ಆರುಚ್ಚಾಮಿಯವರು ಆಗಲೇ ಬಂದು ಕೂತಿದ್ದರು. ಕೊಯಮತ್ತೂರಿನಲ್ಲಿ ಗ್ರೈಂಡರ್ ಮಾಡಿ ಮಾರುವ ಯಜಮಾನರು. ಅವರ ಗಿರಾಕಿಗಳ ಕರೆಗಳನ್ನು ಪರೀಕ್ಷೆಗೆಂದು ಇವತ್ತು ಇಲ್ಲಿಗೆ ತಿರುಗಿಸಿದ್ದರು. ಒಪ್ಪಿಗೆಯಾದರೆ ಇನ್ನು ಮುಂದೆ ಅವರ ಗಿರಾಕಿಗಳಿಗೆಲ್ಲ ಉತ್ತರ ಕೊಡುವುದು ಕವಿನ್‌ನ ಎಐ ಹುಡುಗಿ ಮಲರ್. ಒಪ್ಪಿಗೆಯಾಗದಿದ್ದರೆ ಈ ಸ್ಟಾರ್ಟಪ್‌ಗೆ ಬೀಗ, ಕೋಕಿಲಾಗೆ ಮನೆ. ಮಲರ್‌ಗೆ ಇರುವ ಧ್ವನಿ ಕೋಕಿಲಾಳದೇ. ತಿಂಗಳುಗಟ್ಟಲೆ ಮೈಕಿನ ಮುಂದೆ ಕೂತು ಗಂಟಲು ಒಣಗಿಸಿಕೊಂಡು ಕೊಟ್ಟದ್ದು.

ಆ ಮಲರ್ ಬೆಳಿಗ್ಗೆಯೇ ಕೈಕೊಟ್ಟಿದ್ದಳು. ಕರೆ ಮಾಡಿದವರ ಹಿಂದೆ ಗ್ರೈಂಡರ್ ಓಡುತ್ತಿದ್ದರೆ ಸಾಕು, "ಕ್ಷಮಿಸಿ, ಸರಿಯಾಗಿ ಕೇಳಿಸಲಿಲ್ಲ" ಎಂದು ಅದನ್ನೇ ಬಡಬಡಿಸುತ್ತಿದ್ದಳು. ಅಲ್ಲ, ಗ್ರೈಂಡರ್ ಕೆಟ್ಟಿದೆ ಎಂದು ಫೋನ್ ಮಾಡುವವರು ಅದನ್ನು ಓಡಿಸಿಕೊಂಡೇ ತಾನೆ "ಕೇಳಿ, ಹೆಂಗ್ ಸದ್ದು ಮಾಡ್ತೈತೆ" ಅನ್ನುವುದು! ಇಷ್ಟು ಬುದ್ಧಿ ಆ ಕಂಪ್ಯೂಟರ್ ಕಲಿತವರಿಗೆ ಮೊದಲೇ ಇರಬಾರದಿತ್ತೇ?

ಮೊದಲ ಕರೆ ಸಲೀಸಾಯಿತು. ಯಾರೋ ಗ್ಯಾರಂಟಿ ವಿಚಾರ ಕೇಳಿದರು. ಕೋಕಿಲಾ ಮಲರ್‌ಳ ಹಾಗೆಯೇ ಸ್ವಲ್ಪ ತಡೆದು, ಸಪ್ಪೆಯಾಗಿ, "ನಿಮ್ಮ ಕೋರಿಕೆ ದಾಖಲಾಗಿದೆ. ಧನ್ಯವಾದಗಳು" ಎಂದಳು. ಬಾಗಿಲ ಸಂದಿಯಲ್ಲಿ ಯಜಮಾನರ ಬೆನ್ನು ಕಾಣುತ್ತಿತ್ತು. ಅವರು ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿ, ಅದಕ್ಕೇ ಕಿವಿ ಹಚ್ಚಿ ಕೂತಿದ್ದರು. ವರ್ಷಗಟ್ಟಲೆ ಕಾರ್ಖಾನೆಯ ಗದ್ದಲದಲ್ಲಿ ನಿಂತು ಅವರ ಕಿವಿಯೂ ಮಂದವಾಗಿತ್ತು.

ಎರಡನೆಯದು ಪೊಳ್ಳಾಚಿ ಕಡೆಯ ಹೆಂಗಸು. ಹಿಂದೆ ಗ್ರೈಂಡರ್ ಗರಗರ ಅನ್ನುತ್ತಿತ್ತು.

"ನಮಸ್ಕಾರ. ಮಲರ್ ಮಾತಾಡುತ್ತಿದ್ದೇನೆ."

"ಯಾರಾದ್ರೂ ಆಗು ತಾಯಿ. ಈ ಗ್ರೈಂಡರ್ ಮುಟ್ಟಿದ್ರೆ ಕೈಯೆಲ್ಲ ಜುಮ್ ಅಂತೈತೆ."

"ನಿಮ್ಮ ಸಮಸ್ಯೆ ಅರ್ಥವಾಯಿತು. ದಯವಿಟ್ಟು ಮಾಡೆಲ್ ನಂಬರ್ ಹೇಳಿ." ಮಲರ್ ಕೇಳುವುದು ಹಾಗೆಯೇ. ಬಾಯಿಪಾಠ.

"ಅದು ತಳದಾಗ್ ಬರ್ದೈತೆ ಕಣಮ್ಮ. ಕೈಯೆಲ್ಲ ಹಿಟ್ಟು, ಒದ್ದೆ ಬೇರೆ. ಇರು, ಬಗ್ಗಿಸಿ ನೋಡಿ ಹೇಳ್ತೀನಿ..."

ಕೋಕಿಲಾ ಬಾಯಿಪಾಠವನ್ನೆಲ್ಲ ಮರೆತು ಕಿರುಚಿದಳು.

"ಮುಟ್ಟಬ್ಯಾಡಿ ಅಕ್ಕಾ! ಅಯ್ಯೋ, ದೂರ ಬನ್ರೀ! ನಂಬರ್ ಹಾಳಾಗ್ ಹೋಗ್ಲಿ! ಕೈ ಒರೆಸ್ಕೊಂಡು ಮೊದ್ಲು ಗೋಡೆ ಸ್ವಿಚ್ ಆರ್ಸಿ! ಕಾಲಿಗ್ ಚಪ್ಪಲಿ ಐತಾ? ಹಾಕ್ಕೊಂಡ್ ಹೋಗ್ರೀ!"

ಆ ಕಡೆ ಚಪ್ಪಲಿಯ ಸದ್ದು. ಆಮೇಲೆ ಗರಗರ ನಿಂತಿತು.

"ಆರ್ಸ್ದೆ ಕಣಮ್ಮ. ಏನ್ ಹಿಂಗ್ ಬೈತೀಯ, ನಮ್ಮತ್ತೆ ಬೈದಂಗೆ!"

"ಬೈಯ್ದೆ ಇನ್ನೇನು ಮುದ್ದು ಮಾಡ್ಲಾ? ರಿಪೇರಿ ಆಳು ಬರೋ ತನ್ಕ ಅದ್ರ ಹತ್ರ ಯಾರೂ ಹೋಗ್ಬ್ಯಾಡಿ."

"ಚೆನ್ನಾಗಿರು ತಾಯಿ," ಎಂದು ಹೆಂಗಸು ಫೋನ್ ಇಟ್ಟಳು.

ಕೋಕಿಲಾಗೆ ಆಗ ನೆನಪಾಯಿತು, ತಾನು ಮಲರ್ ಎಂಬುದು. ಕೆಟ್ಟೆ, ಎಲ್ಲ ಮುಗಿಯಿತು. ಸಂದಿಯಲ್ಲಿ ಕವಿನ್‌ನ ಮುಖ ಬಿಳುಚಿಕೊಂಡಿತ್ತು.

ಯಜಮಾನರು ಮೇಜು ಗುದ್ದಿದರು. "ಏನಯ್ಯಾ ಇದು! ನನ್ ಆಫೀಸಿನ ಹುಡುಗೀರಿಗೆ ಮಾಡೆಲ್ ನಂಬರ್ ಹೇಳ್ಲಿಲ್ಲ ಅಂದ್ರೆ ಫೋನ್ ಇಟ್ಬಿಡ್ತಾರೆ. ಇದು ಬೈದು ಜೀವ ಉಳಿಸ್ತಲ್ಲಯ್ಯಾ! ನಾಳೆಯಿಂದ್ಲೇ ಹಾಕ್ಸು. ಆ ಹುಡುಗೀರ್ನೆಲ್ಲ ಪ್ಯಾಕಿಂಗ್‌ಗೆ ಕಳಿಸ್ತೀನಿ."

"ಆಗ್ಲಿ ಅಯ್ಯಾ, ನಾಳೆಯಿಂದ್ಲೇ," ಎಂದ ಕವಿನ್. ಹೋದ ಜೀವ ಬಂದಂತಿತ್ತು ಅವನಿಗೆ.

ಕೆಲಸ ಉಳಿಯಿತು ಎಂದು ಕೋಕಿಲಾಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾಳೆ ಇಂಥದೇ ಒಬ್ಬಳು ಒದ್ದೆ ಕೈಯಲ್ಲಿ ಫೋನ್ ಮಾಡುತ್ತಾಳೆ. ಕೇಳಿಸಿದರೆ ಮಲರ್ ತಳದ ನಂಬರ್ ನೋಡು ಅನ್ನುತ್ತಾಳೆ. ಕೇಳಿಸದಿದ್ದರೆ ಕ್ಷಮಿಸಿ ಅನ್ನುತ್ತಾಳೆ. ಅದೂ ನನ್ನದೇ ದನಿಯಲ್ಲಿ! ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಯಜಮಾನರು ಮೈಕೂ ಇದ್ದ ಆ ಸ್ಪೀಕರನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊಮ್ಮಗಳನ್ನು ರೇಗಿಸುವ ದನಿಯಲ್ಲಿ, "ಅಮ್ಮಿಣಿ, ಒಂದ್ ಮಾತು. ನೀನು ಮನುಷ್ಯಳಾ, ಮೆಷಿನ್ನಾ? ನಿಜ ಹೇಳ್ಬೇಕು ನೋಡು" ಎಂದರು.

ಅವರ ಬೆನ್ನ ಹಿಂದೆ ಕವಿನ್ ದೇವರಿಗೆ ಮುಗಿಯುವಂತೆ ಎರಡೂ ಕೈ ತಲೆಯ ಮೇಲೆತ್ತಿ ಮುಗಿದ. ಕೋಕಿಲಾ ಆ ಕೈಗಳನ್ನು ನೋಡಿದಳು. ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಮನುಷ್ಯಳೇ ಅಯ್ಯಾ. ಇಲ್ಲೇ ಪಕ್ಕದ ಕೋಣೇಲಿ ಕೂತಿದೀನಿ. ಮೆಷಿನ್‌ಗೆ ಗ್ರೈಂಡರ್ ಸದ್ದಲ್ಲಿ ಏನೂ ಕೇಳ್ಸಲ್ಲ. ಅದನ್ನ ಹಾಕಿಸ್ಬ್ಯಾಡಿ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೋಕಿಲಾ ದಡಕ್ಕನೆ ಎದ್ದು ಬಾಗಿಲ ಕಡೆ ಹೆಜ್ಜೆ ಇಟ್ಟಳು. ಕವಿನ್ ಕೂಡ ಜೊತೆಗೆ ನಗುತ್ತಾ ಹಿಂದಕ್ಕೆ ಸರಿದು, ಹಿಮ್ಮಡಿಯಿಂದ ಬಾಗಿಲು ನೂಕಿ, ಅದಕ್ಕೇ ಒರಗಿ ನಿಂತ. ಹೆಡ್‌ಫೋನಿನಲ್ಲಿ ಯಜಮಾನರ ಮಾತು ಸ್ಪಷ್ಟವಾಗಿ ಕೇಳಿಸಿತು:

"ಭಲೇ ಕವಿನ್! ಇದಕ್ಕೆ ಸುಳ್ಳು ಹೇಳೋದನ್ನೂ ಕಲಿಸಿದೀಯಲ್ಲಯ್ಯಾ!"