ಹಾಲಿನ ರೊಕ್ಕದ ಕಾರು

ವೃದ್ಧಾಶ್ರಮದ ದುಡ್ಡಿನಲ್ಲಿ ಏನನ್ನು ಕೊಂಡರೂ, ಅದು ಯಾವ ಬಾಬ್ತಿನ ದುಡ್ಡೆಂದು ಆ ವಸ್ತುವೇ ಬಾಯಿಬಿಟ್ಟು ಹೇಳುವಂತೆ ಸರ್ಕಾರ ಮಾಡಿತ್ತು. ಹುಬ್ಬಳ್ಳಿಯ ಆಶ್ರಮದಲ್ಲಿ ಬಕೆಟ್ಟು, ಹಾಸಿಗೆಗಳ ಮಾತು ಯಾರಿಗೂ ಹೊಸದಾಗಿರಲಿಲ್ಲ.

ತಪಾಸಣೆಯ ದಿನ ಮಾಲೀಕ ಶಿವಲಿಂಗಪ್ಪ ತನ್ನ ಹೊಸ ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದ.

"ಕಾರು ನನ್ನ ಸ್ವಂತದ್ದರಿ ಮೇಡಂ," ಎಂದು, ಆ ಕಾರು ಯಾರದೆಂದು ಕೇಳಿದ ಅಧಿಕಾರಿಗೆ ಅವನು ಹೇಳುವಷ್ಟರಲ್ಲಿ ಅದು ಅಲ್ಲಿಂದಲೇ ಕೂಗಿತು: "ನಾ ಈ ಅಜ್ಜ-ಅಜ್ಜಿಗೋಳ ಹಾಲಿನ ರೊಕ್ಕರಿ!"

ಇಡೀ ವರ್ಷ ನೀರು ಬೆರೆತ ಹಾಲು ಕುಡಿದಿದ್ದ ನೀಲವ್ವಜ್ಜಿ ಚಪ್ಪಲಿ ಮೆಟ್ಟಿ ಎದ್ದಳು.

"ಹಂಗಂದ್ರ ಕಾರು ನಮ್ದ. ಉಣಕಲ್ ಕೆರಿ ನೋಡ್ಕೊಂಡ್ ಬರೂಣು, ನಡೀರಿ!"

ಅಧಿಕಾರಿ ನಗುತ್ತ ಆಗಲಿ ಎಂದರು.

"ಓಡ್ಸಾವ್ರ್ ಯಾರು?" ಎಂದ ಶಿವಲಿಂಗಪ್ಪ.

"ನೀನ ಓಡ್ಸೋ ಯಪ್ಪಾ," ಎಂದು ಅಜ್ಜಿ ಕಾರಿನವರೆಗೆ ನಡೆದು ಮುಂದಿನ ಸೀಟಿನಲ್ಲಿ ಕೂತಳು. ಬಹಳ ದಿನಕ್ಕೆ ಗೇಟು ದಾಟಿದವಳು, ಕಿಟಕಿ ಇಳಿಸಿ, ಗುರುತಿಲ್ಲದವರಿಗೂ ಕೈಬೀಸುತ್ತ ಹೋದಳು.