ಡಬ್ಬಿಗೆ ಹತ್ತಿದ ಬಣ್ಣ

ಅತ್ತೆ ಡಬ್ಬಿಯನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಔಷಧಿ ಅಂಗಡಿಯವನ ಚಹಾ ತುಳುಕಿತು. ಅಳುತ್ತಿದ್ದ ಮೂರು ತಿಂಗಳ ಮೊಮ್ಮಗನನ್ನು ಅವಳು ಇನ್ನೊಂದು ಕೈಯಲ್ಲಿ ಹೆಗಲಿಗೆ ಒತ್ತಿ ಹಿಡಿದಿದ್ದಳು. ಹಿಂದೆ ನಿಂತ ಸೊಸೆಯದು ಬರಿಗೈ.

“ತೆಗೆದು ನೋಡಪ್ಪ. ಮುಖ ಬೆಳ್ಳಗಾಗುತ್ತೆ ಅಂತ ನೀನೇ ಕೊಟ್ಟದ್ದು. ಹಾಲಿನ ಹಾಗಿದ್ದ ಕ್ರೀಮು ಏನಾಗಿದೆ ನೋಡು.”

ಅವನು ಮುಚ್ಚಳ ತಿರುಗಿಸಿದ. ಕ್ರೀಮು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು.

“ಎಲ್ಲಾ ಇವಳ ಬೆರಳಿನ ಪ್ರತಾಪ! ದಿನಾ ಎರಡು ಹೊತ್ತು ಅದ್ದಿ ಅದ್ದಿ, ಇವಳ ಕಪ್ಪೆಲ್ಲ ಡಬ್ಬಿಗೆ ಇಳಿದಿದೆ. ಡಬ್ಬಿಗೇ ಹತ್ತಿದ್ದು ಹಸುಗೂಸಿಗೆ ಹತ್ತಲ್ವಾ? ಪುಣ್ಯಕ್ಕೆ ಕೂಸಿಗೆ ನನ್ನ ಮಗನ ಬಣ್ಣ ಬಂದಿದೆ. ಅದನ್ನೂ ಕೆಡಿಸೋಕೆ ಬಿಡ್ತೀನಾ? ನಿನ್ನೆಯಿಂದ ಇವಳ ಕೈಗೆ ಕೊಟ್ಟಿಲ್ಲ. ಬಾಟಲಿ ಹಾಲೇ.”

“ಅದು ಬಾಟಲಿ ಬಾಯಿಗೇ ತಗೊಳ್ತಿಲ್ಲ ಅಣ್ಣಾ,” ಎಂದಳು ಸೊಸೆ. ಅವಳ ಎದೆಯ ಮೇಲಿನ ಬಟ್ಟೆ ಹಾಲಿಗೆ ಒದ್ದೆಯಾಗಿತ್ತು.

“ನೀನು ಸುಮ್ನಿರು. ನೀನೇ ಹೇಳಪ್ಪ, ನಾಲ್ಕಕ್ಷರ ಓದಿದವನು. ಇವಳ ಬಣ್ಣ ತಾನೇ ಇದು?”

ನಾಲ್ಕಕ್ಷರವೇನು, ಪ್ರಮಾಣಪತ್ರಕ್ಕೆ ಚೌಕಟ್ಟು ಕಟ್ಟಿಸಿ ತಲೆಯ ಮೇಲೇ ತೂಗುಹಾಕಿಕೊಂಡವನು ಅವನು. ಮುಖ ಬೆಳಗುತ್ತದೆಂದು ಇದರಲ್ಲಿ ಹಾಕುವ ಕೋಜಿಕ್ ಆಮ್ಲ ಗಾಳಿ ಸೋಕಿದರೆ, ಬಿಸಿಲಿಗೆ ಕಾದರೆ ತಾನೇ ಕಂದು ಬಣ್ಣಕ್ಕೆ ತಿರುಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರವರ ಮುಖಕ್ಕೆಲ್ಲ ಬಿಳುಪು ಹಂಚಲು ಹೊರಟ ಈ ಆಮ್ಲ ಮಹಾರಾಯನಿಗೆ ತನ್ನ ಬಿಳುಪು ಉಳಿಸಿಕೊಳ್ಳುವ ಯೋಗ್ಯತೆಯಿಲ್ಲ! ಈ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಮಗು ತಾಯಿಯ ಕೈ ಸೇರುತ್ತಿತ್ತು. ಆದರೆ ಆಮೇಲೆ ಆ ಕ್ರೀಮನ್ನು ಯಾರು ಕೊಳ್ಳುತ್ತಾರೆ?

“ಅದೂ... ಒಬ್ಬೊಬ್ಬರ ಚರ್ಮ ಒಂದೊಂದು ಥರ ಅಮ್ಮಾ,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. “ಹೊಸದು ತಗೊಂಡು ಹೋಗಿ. ಬೆರಳು ಹಾಕೋದು ಬೇಡ, ಪುಟ್ಟ ಚಮಚ ಕೊಡ್ತೀನಿ.”

“ಕೇಳಿಸ್ತಾ? ನಾನು ಹೇಳಿದ್ರೆ ಅತ್ತೆಯ ಕೊಂಕು ಅಂತೀಯ. ಈಗ ಓದಿದವರೇ ಹೇಳ್ತಿದ್ದಾರೆ!”

ಸೊಸೆ ಅಂಗಡಿಯವನ ಮುಖವನ್ನೇ ನೋಡಿದಳು. ಅವನು ಕೆಮ್ಮಿನ ಔಷಧಿಯ ಸಾಲಿನತ್ತ ನೋಡಿದ. ಬೀದಿಯ ಬಿಸಿಲಿಗೆ ಎದುರಾಗಿ, ಹೋಗಿಬರುವವರ ಕಣ್ಣಿಗೆ ಬೀಳಲೆಂದು ಜೋಡಿಸಿದ್ದ ಕಪಾಟಿನಿಂದ ಒಂದು ಡಬ್ಬಿ ತಂದಿಟ್ಟ.

ಸೊಸೆ ಅದನ್ನು ಸರಕ್ಕನೆ ಎಳೆದುಕೊಂಡಳು. ಮೇಲಿನ ಪ್ಲಾಸ್ಟಿಕ್ ಹರಿದು, ಮುಚ್ಚಳ ತಿರುಗಿಸಿ, ಒಳಗೆ ಅಂಟಿಸಿದ್ದ ಬೆಳ್ಳಿ ಬಣ್ಣದ ಹಾಳೆಗೆ ಉಗುರು ಹಾಕಿದಳು.

“ಅಯ್ಯೋ, ಮುಟ್ಟಬೇಡ ಅಂದ್ರೆ—” ಎಂದು ಅತ್ತೆ ಅರಚುವಷ್ಟರಲ್ಲಿ ಹಾಳೆ ಕಿತ್ತುಬಂತು.

ಒಳಗೂ ಅದೇ ಗಟ್ಟಿ ಚಹಾ.

“ಇದಕ್ಕೆ ಯಾರು ಬೆರಳು ಹಾಕಿದ್ರು ಅತ್ತೆ?”

ಸೊಸೆ ಉತ್ತರಕ್ಕೆ ಕಾಯಲಿಲ್ಲ. ಅತ್ತೆಯ ಹೆಗಲಿನಿಂದ ಮಗುವನ್ನು ಬಿಡಿಸಿಕೊಂಡು, ಗಿರಾಕಿಗಳಿಗೆಂದು ಹಾಕಿದ್ದ ಬೆಂಚಿನ ಮೇಲೆ ಗೋಡೆಗೆ ಮುಖಮಾಡಿ ಕೂತಳು. ಅಳು ಕತ್ತರಿಸಿದ ಹಾಗೆ ನಿಂತಿತು. ಮಗು ಗುಟುಕು ಗುಟುಕಾಗಿ ನುಂಗುವ ಸದ್ದೊಂದೇ ಅಂಗಡಿಯಲ್ಲಿ.

ಅಂಗಡಿಯವನು ಹರಿದ ಪ್ಲಾಸ್ಟಿಕ್ಕಿನ ಚೂರುಗಳನ್ನು ಒಟ್ಟುಮಾಡತೊಡಗಿದ. ಅತ್ತೆ ಡಬ್ಬಿಯನ್ನು ನೋಡಿದಳು. ಆಮೇಲೆ ಅದನ್ನು ತಂದಿಟ್ಟವನ ಕೈಗಳನ್ನು ನೋಡಿದಳು. ಸೊಸೆಗಿಂತ ಎರಡು ಪಟ್ಟು ಕಪ್ಪು.

“ಓಹೋ!” ಎಂದಳು.

ಅಂಗಡಿಯವನು ಎರಡೂ ಕೈಗಳನ್ನು ಮೆಲ್ಲಗೆ ಮೇಜಿನ ಕೆಳಗಿಳಿಸಿದ.