ತುಂಬಿದ ಸೀಸೆ

ನಕಿಬುಲೆ ಸೀಸೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ವಾಸಿಯಾಗದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಸೇವಾಸಂಘದವಳು ಅವಳು; ಮಸಾಕಾ ಪಟ್ಟಣದ ಸುತ್ತಿನ ಹಳ್ಳಿಗಳೆಲ್ಲ ಅವಳ ಸೈಕಲ್ಲಿಗೆ ಗೊತ್ತು. ಹಚ್ಚಹಸಿರಾಗಿರಬೇಕಾದ ನೋವಿನ ಔಷಧಿ ತಿಳಿನೀರಾಗಿದ್ದುದು ಅವಳ ಕಣ್ಣು ತಪ್ಪಿಸುತ್ತದೆಯೇ?

"ಅಲ್ವೇ ನಬ್ಬೋಸಾ, ಕೊಟ್ಟು ವಾರ ಆಯ್ತು. ಸೀಸೆ ಇನ್ನೂ ಕತ್ತಿನವರೆಗೂ ಇದೆ! ಅಪ್ಪನಿಗೆ ಕುಡಿಸ್ತಿದೀಯೋ ಇಲ್ವೋ?"

"ಕುಡಿಸ್ತಿದೀನಿ ಅಕ್ಕಾ, ದೇವರಾಣೆ."

ನಬ್ಬೋಸ ಕೂರಲಾರಳು, ನಿಲ್ಲಲಾರಳು. ಬಾಳೆಕಾಯಿ ಬೇಯುತ್ತಿದ್ದ ಒಲೆಯ ಬಳಿಗೊಮ್ಮೆ, ಅಪ್ಪನ ಚಾಪೆಯ ಬಳಿಗೊಮ್ಮೆ ಓಡಾಡುತ್ತಿದ್ದಳು. ಅಪ್ಪ, ಕಿಬಿರಿಗೆ ಎಂಬ ಹೆಸರಿನ ಮುದುಕ, ಹಲ್ಲು ಕಚ್ಚಿ ಮಲಗಿದ್ದ. ಆಯುಷ್ಯವಿಡೀ ಮರದ ತೊಗಟೆ ಬಡಿದು ಬಟ್ಟೆ ಮಾಡಿದ ಕೈ; ನೋವು ಏರಿದಾಗಲೆಲ್ಲ ಚಾಪೆಯನ್ನೇ ಬಡಿಯುತ್ತಿತ್ತು, ಟಪ್, ಟಪ್, ಟಪ್.

"ನೀರು ಬೆರೆಸಿದೀಯಾ?"

ನಬ್ಬೋಸ ಒಲೆಯ ಕಡೆ ಮುಖ ತಿರುಗಿಸಿದಳು. "ಪಕ್ಕದ್ಮನೆ ಲುಬೇಗನಿಗೆ ಸೀಸೆ ಖಾಲಿಯಾದ ದಿನವೇ ಜೀವ ಹೋಯ್ತಂತೆ, ಸೋದರತ್ತೆ ಹೇಳಿದ್ಲು. ಅದಕ್ಕೇ ಕುಡಿಸಿದಷ್ಟೂ ನೀರು ತುಂಬಿಸ್ತಿದ್ದೆ. ಸೀಸೆ ಮುಗೀಬಾರ್ದು ಅಂತ."

"ಅಯ್ಯೋ ಮಂಕೇ! ಮುಗಿದ್ರೆ ಇನ್ನೊಂದು ತರೋಕೆ ನಾನಿಲ್ವಾ?" ನಕಿಬುಲೆ ಹಣೆ ಚಚ್ಚಿಕೊಂಡಳು. ಚೀಲದಿಂದ ಹೊಸ ಸೀಸೆ ತೆಗೆದು, ಅಳೆದು ಕುಡಿಸಿ, ಮುಂದಿನ ಮನೆಗೆ ಹೊರಟಳು.

ಸ್ವಲ್ಪ ಹೊತ್ತಿಗೆ ಟಪ್ ಟಪ್ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ನಬ್ಬೋಸ ಒಲೆ ಬಿಟ್ಟು ಎದ್ದಳು. ಹಗಲೂ ರಾತ್ರಿ ಆ ಸದ್ದು ಕೇಳಿ ಕೇಳಿ, ಅಪ್ಪ ಇದ್ದಾನೆ ಅನ್ನುವುದಕ್ಕೆ ಅವಳಿಗೆ ಗುರುತು ಅದೊಂದೇ ಆಗಿಬಿಟ್ಟಿತ್ತು. ಓಡಿಹೋಗಿ ಅವನ ಭುಜ ಹಿಡಿದು ಅಲುಗಿಸಿದಳು.

"ಅಪ್ಪಾ! ಅಪ್ಪಾ!"

ಮುದುಕ ಒಂದೇ ಕಣ್ಣು ತೆರೆದ. "ಸತ್ತಿಲ್ಲ ಕಣೇ. ಬಾಳೆಕಾಯಿ ಸೀದ ವಾಸನೆ ಬರ್ತಿದೆ, ಒಲೆ ನೋಡು ಹೋಗು."

ಅವಳು ಹೋಗಲಿಲ್ಲ. ಚಾಪೆಯ ಪಕ್ಕ ಕುಸಿದು ಕೂತು ಬಿಕ್ಕತೊಡಗಿದಳು. "ಔಷಧಿಗೆ ನೀರು ಹಾಕ್ತಿದ್ದೆ ಅಪ್ಪಾ, ನಾನೇ."

"ಗೊತ್ತು. ನಾಲಿಗೆ ಇನ್ನೂ ಸರಿಯಾಗೇ ಇದೆ ನಂದು. ಕಹೀನೇ ಇರ್ಲಿಲ್ಲ ಅದ್ರಲ್ಲಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ದಿನಾ ಬೆಳಿಗ್ಗೆ ಎದ್ದು ಸೀಸೆ ನೋಡಿ ನಗ್ತಿದ್ಯಲ್ಲ ನೀನು" ಎಂದವನೇ ಮುದುಕ ಗೋಡೆಯ ಕಡೆ ಹೊರಳಿ ಗೊರಕೆ ಹೊಡೆಯತೊಡಗಿದ.